ಒಂದು ಮೆಷಿನ್, ಮೂರು ರಿಜಿಸ್ಟರ್

ನಮ್ಮ ಹೊಲಿಗೆ ತರಗತಿಯ ಹಾಜರಿ ರಿಜಿಸ್ಟರಿಗೆ ನಾನೇ ಕೈಯಾರೆ ಗೆರೆ ಎಳೆದಿದ್ದೆ. ಕೆಂಪು ಇಂಕು, ಮರದ ಸ್ಕೇಲು. ಕ್ರಮ ಸಂಖ್ಯೆ, ಹೆಸರು, ವಯಸ್ಸು, ಊರು, ಸಹಿ ಎಂದು ಐದು ಕಾಲಂ. ಜಾತಿಗೆ ಕಾಲಂ ಇರಲಿಲ್ಲ, ಧರ್ಮಕ್ಕೂ ಇರಲಿಲ್ಲ. ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮ್ಮನ್ನು ರೋಲ್ ನಂಬರಿನಿಂದ ಕರೆಯುತ್ತಿದ್ದರು. ನಾನು ಹದಿನೇಳು, ಪಕ್ಕದವಳು ಹದಿನೆಂಟು. ಅದೇ ಈಕ್ವಾಲಿಟಿ ಎಂದು ತಲೆಕೂದಲು ಬೆಳ್ಳಗಾಗುವ ತನಕ ನಂಬಿಕೊಂಡಿದ್ದೆ. ಆ ನಂಬಿಕೆಗೆ ಮೊದಲ ಪೆಟ್ಟು ಬಿದ್ದದ್ದು ಈ ರಿಜಿಸ್ಟರಿನಿಂದಲೇ.

ತೊಂಬತ್ತರ ದಶಕ ಮುಗಿಯುತ್ತಾ ಬಂದ ಕಾಲ. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಪುಣ್ಯಾತ್ಮರೊಬ್ಬರು ಬಾಡಿಗೆ ಕೇಳದೆ ಬಿಟ್ಟುಕೊಟ್ಟಿದ್ದ ಹೆಂಚಿನ ಹಾಲಿನಲ್ಲಿ ನಮ್ಮ ಮಹಿಳಾ ಸಂಘದ ತರಗತಿ ನಡೆಯುತ್ತಿತ್ತು. ಹದಿನೆಂಟು ಹುಡುಗಿಯರು, ಏಳು ಮೆಷಿನ್, ಕಲಿಸಲು ಒಬ್ಬರು ವಯಸ್ಸಾದ ಟೈಲರ್ ಮಾಸ್ಟರ್. ನಾನು ಸಂಘದ ಸೆಕ್ರೆಟರಿ. ಮೆಷಿನ್‌ಗಳು ನಮ್ಮವಲ್ಲ. ಅಂತರಸನಹಳ್ಳಿಯ ಒಂದು ಗಾರ್ಮೆಂಟ್ ಘಟಕದ ಮಾಲೀಕರು ಮೂಲೆಗೆ ಹಾಕಿದ್ದ, ಕಾಲಲ್ಲಿ ತುಳಿಯುವ ಹಳೇ ಮೆಷಿನ್‌ಗಳನ್ನು ಎರವಲು ಕೊಟ್ಟಿದ್ದರು. ಆ ವರ್ಷ ಯುಗಾದಿ ಕಳೆಯುತ್ತಿದ್ದಂತೆ ಅವರಿಂದ ಸುದ್ದಿ ಬಂತು: ಘಟಕ ಮಾರುತ್ತಿದ್ದೇವೆ, ಜೂನ್ ಮಧ್ಯಕ್ಕೆ ಲಾರಿ ಕಳಿಸುತ್ತೇವೆ, ಮೆಷಿನ್‌ಗಳನ್ನು ತುಂಬಿಸಿಬಿಡಿ.

ಮೆಷಿನ್ ಹೋದರೆ ತರಗತಿ ಇಲ್ಲ. ಹದಿನಾರು ಹುಡುಗಿಯರು ಹೇಗೋ ಇನ್ನೊಂದು ಕಡೆ ಕಲಿತುಕೊಂಡಾರು. ಇಬ್ಬರಿಗೆ ಮಾತ್ರ ಇನ್ನೊಂದು ಕಡೆ ಎಂಬುದೇ ಇರಲಿಲ್ಲ.

ಒಬ್ಬಳು ಕುಣಿಗಲ್ಲಿನವಳು. ಪೋಲಿಯೋ ಬಂದು ಎರಡೂ ಕಾಲು ಸೋತಿದ್ದವು. ತುಮಕೂರಿನಲ್ಲಿದ್ದ ಅವಳ ಖಾಲಾ, ಅಂದರೆ ಚಿಕ್ಕಮ್ಮ, ತಮ್ಮ ಮನೆಯಲ್ಲಿ ಇಟ್ಟುಕೊಂಡು ಬೀಡಿ ಕಟ್ಟುವುದಕ್ಕೆ ಹಚ್ಚಿದ್ದರು. ಅವಳ ಬೆರಳಿನ ಚುರುಕು ನೋಡಿ, ಇದು ಬೀಡಿಗೆ ಮೀರಿದ ಕೈ ಎಂದು ಆ ಮನೆಯ ಬಾಗಿಲಿಗೇ ಹೋಗಿ ಕರೆತಂದವರು ಮಾಸ್ಟರ್. ಇನ್ನೊಬ್ಬಳು ಗುಬ್ಬಿಯವಳು, ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. ಮಗುವಾಗಿದ್ದಾಗ ಒಲೆಗೆ ಬಿದ್ದು ಬಲಗೈಯ ಮೂರು ಬೆರಳು ಸುಟ್ಟು ಒಂದಕ್ಕೊಂದು ಅಂಟಿಕೊಂಡಿದ್ದವು. ಸೂಜಿಯ ಕೆಳಗೆ ಬಟ್ಟೆ ಹಿಡಿದರೆ ಜಾರುತ್ತಿತ್ತು. ಕಾಲು ಮಾತ್ರ ಗಟ್ಟಿ.

ಮಾಸ್ಟರ್ ಒಂದು ವಾರ ಇಬ್ಬರನ್ನೂ ನೋಡಿದರು. ಆಮೇಲೆ ನನ್ನ ಹತ್ತಿರ ಬಂದು, "ಅಮ್ಮಾ, ಇವಳ ಹತ್ರ ಕೈ ಐತೆ, ಅವಳ ಹತ್ರ ಕಾಲೈತೆ. ಜೋಡಿಸಿದ್ರೆ ಒಬ್ಬ ಫುಲ್ ಟೈಲರು" ಎಂದರು. ಒಂದು ಮೆಷಿನ್ನನ್ನು ಗೋಡೆಯಿಂದ ಈಚೆಗೆ ಎಳೆಸಿದರು. ಮುಂದೆ ಕುರ್ಚಿ ಹಾಕಿ ಕುಣಿಗಲ್ ಹುಡುಗಿಯನ್ನು ಕೂರಿಸಿದರು. ಆ ಬದಿಗೆ, ಎದುರಾಗಿ, ಒಂದು ಗಿಡ್ಡ ಸ್ಟೂಲ್ ಹಾಕಿ ಗುಬ್ಬಿಯವಳನ್ನು ಕೂರಿಸಿ ಹಿಂದಿನಿಂದಲೇ ಪೆಡಲ್ ತುಳಿಯಲು ಹೇಳಿದರು. ಚಕ್ರಕ್ಕೆ ಮೊದಲ ತಿರುವು ಕೊಡುವವಳು ಕುರ್ಚಿಯವಳು, ಮುಂದಕ್ಕೆ ಓಡಿಸುವವಳು ಸ್ಟೂಲಿನವಳು. ಬಾಯಿಮಾತಿನಲ್ಲೇ ಲಗಾಮು: "ಬಾ" ಅಂದರೆ ಓಡಿಸು, "ನಿಧಾನ" ಅಂದರೆ ಮೂಲೆ ಬಂತು, "ತಡಿ" ಅಂದರೆ ನಿಲ್ಲಿಸು. ಮೊದಲ ನಾಲ್ಕು ತಿಂಗಳಲ್ಲಿ ಮುರಿದ ಸೂಜಿಗಳನ್ನು ಮಾಸ್ಟರ್ ಒಂದು ಪೌಡರ್ ಡಬ್ಬಿಯಲ್ಲಿ ಕೂಡಿಟ್ಟಿದ್ದರು. ಆಮೇಲೆ ಡಬ್ಬಿ ತುಂಬುವುದು ನಿಂತಿತು. ಐದನೇ ತಿಂಗಳು ಅವರಿಬ್ಬರು ಹೊಲಿದ ಶರ್ಟಿನ ಕಾಲರ್ ನೋಡಿ ನಾನು ತಿರುಗಿಸಿ ಮುರುಗಿಸಿ ತಪ್ಪು ಹುಡುಕಿದೆ. ಸಿಗಲಿಲ್ಲ.

ಕೈ ಮೆಷಿನ್ ಕೊಡಿಸಬಹುದಿತ್ತಲ್ಲ ಎಂದು ಆಮೇಲೆ ಎಷ್ಟೋ ಜನ ಕೇಳಿದರು. ಒಂದು ಕೈ ಚಕ್ರ ತಿರುಗಿಸುತ್ತಾ ಕೂತರೆ ಕಾಲರಿನ ಮೂಲೆಯನ್ನು ಒಂದೇ ಕೈಯಲ್ಲಿ ತಿರುಗಿಸಬೇಕು. ಮೋಟರ್ ಹಾಕಿಸಿದರೂ ಅದರ ಪೆಡಲನ್ನು ಒತ್ತಲು ಕಾಲೇ ಬೇಕು. ಅದೆಲ್ಲ ಸಾಯಲಿ, ಕುಣಿಗಲ್ ಹುಡುಗಿಗೆ ಏನೋ ಒಂದು ಮಾಡಿಕೊಟ್ಟೆವು ಅನ್ನಿ, ಗುಬ್ಬಿಯವಳು ಎಲ್ಲಿಗೆ ಹೋಗಬೇಕು? ವಾಟ್ ಅಬೌಟ್ ಹರ್?

ಆ ವರ್ಷವೇ ನಮ್ಮ ಸ್ಥಳೀಯ ಸಂಸ್ಥೆಯೊಂದು ಪರಿಶಿಷ್ಟರು, ಅಲ್ಪಸಂಖ್ಯಾತರು, ಅಂಗವಿಕಲರಿಗೆಂದು ಮೀಸಲಿಟ್ಟ ಹಣದಲ್ಲಿ ಸ್ವಯಂಸೇವಾ ಸಂಘಗಳಿಗೆ ಅನುದಾನ ಕೊಡುತ್ತದೆ ಎಂದು ತಿಳಿಯಿತು. ತರಬೇತಿ ನಡೆಸುವವರಿಗೆ ಹೊಸ ಮೆಷಿನ್ ಕೊಡುತ್ತಾರಂತೆ. ಯಾವ ಕಚೇರಿ ಎಂದು ಹೆಸರು ಹೇಳುವುದಿಲ್ಲ. ಅಲ್ಲಿದ್ದವರು ಕೆಟ್ಟವರಾಗಿರಲಿಲ್ಲ, ನಾನೂ ಅಂಥ ಬುದ್ಧಿವಂತೆ ಆಗಿರಲಿಲ್ಲ. ನಾನು ಎರಡು ಪುಟದ ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆದು, ಕೋರ್ಟಿನ ಮುಂದೆ ಕೂರುವ ಟೈಪಿಸ್ಟ್ ಹತ್ತಿರ ಟೈಪ್ ಮಾಡಿಸಿ, ಕಡತಕ್ಕೆ ಟ್ಯಾಗ್ ಹಾಕಿ, ಒಳ್ಳೇ ಸೀರೆ ಉಟ್ಟುಕೊಂಡು ಹೋದೆ.

ಕಡತ ನೋಡುವ ಕೇಸ್ ವರ್ಕರ್ ಸಣ್ಣ ದೇಹದ, ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಂಡ ಮನುಷ್ಯ. ಎರಡೂ ಪುಟ ಪೂರ್ತಿ ಓದಿದರು. "ಇಂಗ್ಲಿಷ್ ಬಾಳ ಚೆನ್ನಾಗಿದೆ ಮೇಡಂ" ಎಂದರು. "ಆದ್ರೆ ಫೈಲಿಗೆ ಹಾಕಕ್ಕೆ ಬರಲ್ಲ. ಕನ್ನಡದಲ್ಲಿ ಕೊಡಿ."

ಮೂರು ದಿನ ಕೂತು ಕನ್ನಡದಲ್ಲಿ ಬರೆದೆ. ನನ್ನ ಕನ್ನಡದ ಅಕ್ಷರ ಈಗಲೂ ಐದನೇ ಕ್ಲಾಸಿನ ಮಗುವಿನ ಹಾಗೆ ದುಂಡು ದುಂಡಗೆ. ಕೇಸ್ ವರ್ಕರ್ ಅದನ್ನು ತೆಗೆದುಕೊಂಡರು, ಇನ್‌ವರ್ಡ್ ನಂಬರ್ ಹಾಕಿದರು, ಆಮೇಲೆ ನಮ್ಮ ಹಾಜರಿ ರಿಜಿಸ್ಟರ್ ತೆರೆದು ಎಡದಿಂದ ಬಲಕ್ಕೆ, ಮತ್ತೆ ಬಲದಿಂದ ಎಡಕ್ಕೆ ನೋಡಿದರು.

"ಫಲಾನುಭವಿಗಳ ಪಟ್ಟಿ ವರ್ಗವಾರು ಬೇಕಲ್ಲ ಮೇಡಂ. ಯಾರು ಎಸ್ಸಿ, ಯಾರು ಮೈನಾರಿಟಿ, ಏನೂ ಇಲ್ವಲ್ಲ ಇಲ್ಲಿ."

"ನಾವು ಯಾರಿಗೂ ಜಾತಿ ಕೇಳೋದಿಲ್ಲ. ಇಟ್ ಈಸ್ ಅವರ್ ಪ್ರಿನ್ಸಿಪಲ್" ಎಂದೆ. ಹೇಳುವಾಗ ಬೆನ್ನು ನೆಟ್ಟಗೆ ಮಾಡಿಕೊಂಡದ್ದು ನೆನಪಿದೆ.

"ಪ್ರಿನ್ಸಿಪಲ್ ಇಟ್ಕೊಳಿ, ಬೇಡ ಅನ್ನಲ್ಲ. ಎಸ್ಸಿ ದುಡ್ಡು ಎಸ್ಸಿ ಹುಡುಗೀರ್ಗೇ ಹೋಯ್ತು ಅಂತ ನಾನು ಹೆಂಗ್ ಬರೀಲಿ? ನಿಮ್ಮ ರಿಜಿಸ್ಟರ್ ನೋಡಿದ್ರೆ ಹದಿನೆಂಟೂ ಜನ ಆಕಾಶದಿಂದ ಇಳಿದಂಗವ್ರೆ." ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು. "ಬೇಜಾರ್ ಮಾಡ್ಕೋಬೇಡಿ. ಕಾಲಂ ಇಲ್ದಿದ್ರೆ ಏನಾಗುತ್ತೆ ಅಂತ ನಂಗ್ ಗೊತ್ತು. ಅವರ ಹೆಸರಲ್ಲಿ ಬಂದಿದ್ದು ಇನ್ಯಾರ ಬೀದಿಯ ಚರಂಡಿಗೋ ಹೋಗುತ್ತೆ. ಆ ಕಾಲಮ್ಮೇ ಅವರ ದುಡ್ಡಿಗೆ ಬೀಗ."

ಜಾತಿಯನ್ನು ಕೇಳದೇ ಇರುವುದು ನನಗೆ ಸುಲಭ, ಯಾಕೆಂದರೆ ನನ್ನನ್ನು ಯಾರೂ ಅದಕ್ಕಾಗಿ ಬಾಗಿಲಾಚೆ ನಿಲ್ಲಿಸಿರಲಿಲ್ಲ. ಇದು ಬಸ್ಸಿನಲ್ಲಿ ಮನೆಗೆ ಬರುವಾಗ ಹೊಳೆಯಿತು.

ಮರುದಿನ ಹುಡುಗಿಯರನ್ನು ಸುತ್ತ ಕೂರಿಸಿಕೊಂಡೆ. ಗಂಟಲು ಸರಿಮಾಡಿಕೊಂಡೆ. ಹೀಗೊಂದು ಅನಿವಾರ್ಯ ಬಂದಿದೆ, ನಿಮ್ಮನ್ನು ಒಂದು ಪ್ರಶ್ನೆ ಕೇಳಬೇಕಾಗಿದೆ, ಯಾರೂ ನೊಂದುಕೊಳ್ಳಬಾರದು ಎಂದು ಐದು ನಿಮಿಷ ಪೀಠಿಕೆ ಹಾಕಿದೆ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗುಬ್ಬಿಯವಳು ನಕ್ಕುಬಿಟ್ಟಳು.

"ಜಾತಿ ತಾನೇ ಮಿಸ್? ಅದುಕ್ಕೆ ಇಷ್ಟ್ ಭಾಷಣನಾ? ನಂಗೆ ಪೇಪರ್ ಕೊಡಿ, ಎಲ್ಲಾರ್ದೂ ನಾನೇ ಹೇಳ್ತೀನಿ."

"ನಿನಗೆ ಹೇಗೆ ಗೊತ್ತು?"

"ಫಸ್ಟ್ ಡೇನೇ ಗೊತ್ತಾಯ್ತಲ್ಲ. ಯಾವೂರು ಅಂತಾರೆ, ಹೇಳ್ತೀವಿ. ಯಾವ ಬೀದಿ ಅಂತಾರೆ, ಅಷ್ಟೇಯ. ಆಮೇಲೆ ಊಟದ ಡಬ್ಬಿ ಬಿಚ್ಚಿದ್ರೆ ಇನ್ನೂ ಗೊತ್ತಾಗುತ್ತೆ. ನಿಮಗೊಬ್ರಿಗೇ ಗೊತ್ತಿರ್ಲಿಲ್ಲ."

"ಗೊತ್ತಾದ ಮೇಲೆ ಏನಾಯ್ತು?"

ಕುಣಿಗಲ್ ಹುಡುಗಿ ದಾರ ಪೋಣಿಸುತ್ತಿದ್ದವಳು ತಲೆ ಎತ್ತದೆ ಹೇಳಿದಳು. "ಒಂದು ವಾರ ಡಬ್ಬಿ ದೂರ ದೂರ ಇಟ್ಕೊಂಡು ತಿಂದ್ವಿ ಮಿಸ್. ಆಮೇಲೆ ಇವಳ ಮುದ್ದೆ ನಾನು ತಿಂದೆ, ನನ್ನ ಖಾಲಾ ಮಾಡಿದ ಖುಷ್ಕಾ ಅನ್ನ ಇವಳು ತಿಂದ್ಲು. ಪಾಪ, ಮೆಷಿನ್ ತುಳಿಯೋವ್ಳಿಗೆ ಜಾಸ್ತಿ ಹಸಿವು."

"ಏಯ್, ಪಾತ್ರೆ ತಳ ಕೆರೆಯೋವ್ಳು ನೀನು ಕಣೇ" ಎಂದಳು ಗುಬ್ಬಿಯವಳು.

ಹಾಲ್ ತುಂಬ ನಗು. ನಾನು ಸ್ಕೇಲು ತೆಗೆದುಕೊಂಡು ಆರನೇ ಗೆರೆ ಎಳೆದೆ.

ಆಮೇಲಿನ ತಿಂಗಳು ಪೂರ್ತಿ ಸರ್ಟಿಫಿಕೇಟ್‌ಗಳ ಬೆನ್ನು ಹತ್ತಿದೆ. ಗುಬ್ಬಿಯ ತಾಲ್ಲೂಕು ಕಚೇರಿಗೆ ನಾಲ್ಕು ಸಲ, ಕುಣಿಗಲ್ಲಿಗೆ ಮೂರು ಸಲ. ಅಂಗವಿಕಲರ ಗುರುತಿಗೆ ವೈದ್ಯಕೀಯ ಮಂಡಳಿಯ ಮುಂದೆ ಹುಡುಗಿಯರನ್ನು ಕರೆದುಕೊಂಡು ಹೋದೆ. ಕುಣಿಗಲ್ ಹುಡುಗಿಗೆ ಸರ್ಟಿಫಿಕೇಟ್ ಸಿಕ್ಕಿತು. ಗುಬ್ಬಿಯವಳ ಕೈಯನ್ನು ಡಾಕ್ಟರ್ ಹಿಂದೆ ಮುಂದೆ ತಿರುಗಿಸಿ ನೋಡಿ, ಪರ್ಸೆಂಟೇಜ್ ಸಾಲದು ಎಂದು ಬರೆದರು. ಹೊರಗೆ ಬಂದ ಮೇಲೆ ಅವಳು, "ಇನ್ನೊಂದ್ ಬೆರಳು ಸುಡ್ಬೇಕಿತ್ತೇನೋ ಮಿಸ್" ಎಂದು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ನಾನು ಅವಳಿಗೆ ಕಬ್ಬಿನ ಹಾಲು ಕೊಡಿಸಿದೆ.

ಎಲ್ಲ ಕಾಗದ ಜೋಡಿಸಿ ಕೊಟ್ಟ ಮೇಲೆ, ಮೇ ತಿಂಗಳ ಕೊನೆಗೆ, ಅಧಿಕಾರಿಗಳ ಕೋಣೆಯಿಂದ ಕರೆ ಬಂತು. ಕೇಸ್ ವರ್ಕರ್‌ಗಿಂತ ಮೇಲಿನವರು, ಸಹಿ ಮಾಡುವವರು. ತುಂಬ ಮರ್ಯಾದೆಯಿಂದಲೇ ಮಾತಾಡಿದರು. ಮೂರು ವರ್ಗಕ್ಕೆ ಮೂರು ಲೆಕ್ಕಶೀರ್ಷಿಕೆ, ಅವರ ಮಾತಿನಲ್ಲಿ ಹೆಡ್, ಇದೆ. ಒಂದರ ಹಣದಲ್ಲಿ ಕೊಂಡ ಮೆಷಿನ್ನಿನ ಮೇಲೆ ಇನ್ನೊಂದು ವರ್ಗದವರು ಕೂತರೆ ಆಡಿಟ್‌ನಲ್ಲಿ ಆಕ್ಷೇಪಣೆ ಬರುತ್ತದೆ. ಆದ್ದರಿಂದ ಮೂರು ಬ್ಯಾಚ್ ಮಾಡಿ: ಸೋಮವಾರ ಮಂಗಳವಾರ ಪರಿಶಿಷ್ಟರು, ಬುಧವಾರ ಗುರುವಾರ ಅಲ್ಪಸಂಖ್ಯಾತರು, ಶುಕ್ರವಾರ ಶನಿವಾರ ಅಂಗವಿಕಲರು. ಒಬ್ಬಳ ಹೆಸರು ಒಂದೇ ಬ್ಯಾಚಿನಲ್ಲಿ. ಮೂರು ರಿಜಿಸ್ಟರ್. ಈಗಿನಿಂದಲೇ ಹಾಗೆ ನಡೆಸುತ್ತೇವೆ ಎಂದು ಮುಚ್ಚಳಿಕೆ ಬರೆದುಕೊಡಿ, ಕಡತ ಸಮಿತಿಯ ಮುಂದೆ ಇಡುತ್ತೇನೆ.

ನಾನು ಸಹಿ ಮಾಡಿದೆ. ಲಾರಿ ಬರಲು ಮೂರು ವಾರವೂ ಉಳಿದಿರಲಿಲ್ಲ. ಕೂಡಿಸುವುದಕ್ಕೆಂದು ಕಟ್ಟಿದ ತರಗತಿಯನ್ನು ಒಡೆಯುವುದಕ್ಕೆ ಸಹಿ ಮಾಡುತ್ತಿದ್ದೇನೆ ಎಂದು ಅನಿಸಿತು, ಆದರೂ ಮಾಡಿದೆ. ಐ ವಾಸ್ ಅಫ್ರೇಡ್. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಆ ಮೂರು ಪಟ್ಟಿಗಳಲ್ಲಿ ಗುಬ್ಬಿಯವಳ ಹೆಸರು ಸೋಮವಾರಕ್ಕೆ ಬಿತ್ತು. ಕುಣಿಗಲ್ ಹುಡುಗಿಯದು ಶುಕ್ರವಾರಕ್ಕೆ.

ಮೊದಲ ಸೋಮವಾರ ಗುಬ್ಬಿಯವಳು ಸ್ಟೂಲಿನ ಮೇಲೆ ಕೂತು ಖಾಲಿ ಕುರ್ಚಿ ನೋಡಿದಳು. ಬೇರೆ ಹುಡುಗಿಯರಿಗೆ ಅವರವರ ಕಾಲೇ ಇತ್ತು. ಮೊದಲ ಶುಕ್ರವಾರ ಕುಣಿಗಲ್ ಹುಡುಗಿ ಕುರ್ಚಿಯಲ್ಲಿ ಕೂತು ಖಾಲಿ ಸ್ಟೂಲ್ ನೋಡಿದಳು. ಆ ಬ್ಯಾಚಿನಲ್ಲಿ ಗಟ್ಟಿ ಕಾಲಿನವಳು ಒಬ್ಬಳೇ, ಕಿವಿ ಕೇಳದ ಹುಡುಗಿ. ಅವಳನ್ನು ಎದುರಿಗೆ ಕೂರಿಸಿದೆವು. ಒಳ್ಳೇ ಮನಸ್ಸಿನಿಂದ ತುಳಿದಳು. ಕಾಲರಿನ ಮೂಲೆ ಬಂತು. ಇವಳು "ನಿಧಾನ, ನಿಧಾನ, ತಡಿ" ಅನ್ನುತ್ತಲೇ ಇದ್ದಾಳೆ, ಅವಳು ತಲೆ ಬಗ್ಗಿಸಿಕೊಂಡು ಓಡಿಸುತ್ತಲೇ ಇದ್ದಾಳೆ. ಸೂಜಿ ಟಪ್ಪೆಂದು ಮುರಿಯಿತು, ಕುಣಿಗಲ್ ಹುಡುಗಿಯ ಹೆಬ್ಬೆರಳಿಗೆ ಚುಚ್ಚಿತು. ಮಾಸ್ಟರ್ ತುಂಡನ್ನು ಪೌಡರ್ ಡಬ್ಬಿಗೆ ಹಾಕಿದರು. ಡಬ್ಬಿಯ ಸದ್ದು ಕೇಳಿ ತಿಂಗಳುಗಳಾಗಿದ್ದವು.

ಗುಬ್ಬಿಯವಳು ಬುಧವಾರವೂ ಬಂದಳು, ಗುರುವಾರವೂ ಬಂದಳು. ಒಳಗೆ ಬರುವ ಹಾಗಿಲ್ಲ. ಕಾಂಪೌಂಡಿನ ಹೊಂಗೆ ಮರದ ಕೆಳಗೆ ಕೂತು ಗುಂಡಿಗೆ ಕಾಜಾ ಹಾಕುವುದನ್ನು ಎಡಗೈಯಲ್ಲಿ ಕಲಿಯುತ್ತಿದ್ದಳು.

"ನಿನ್ನ ದಿನ ಅಲ್ವಲ್ಲ, ಯಾಕೆ ಬರ್ತೀಯ?" ಎಂದೆ.

"ಮನೇಲಿದ್ರೆ ಕಾಲು ಸುಮ್ನಿರಲ್ಲ ಮಿಸ್" ಎಂದಳು.

ಅದೇ ವಾರ ಕುಣಿಗಲ್ ಹುಡುಗಿಯ ಖಾಲಾ ಹಾಲಿಗೆ ಬಂದರು. ಬುರ್ಖಾದ ಮುಸುಕು ಮೇಲೆತ್ತಿ ಖಾಲಿ ಸ್ಟೂಲ್ ನೋಡಿದರು. "ಹೊಲಿಗೆ ನಿಂತೋಯ್ತಂತೆ. ಊರಿಂದ ಅವರಪ್ಪ ಹೇಳಿ ಕಳ್ಸವ್ರೆ, ಸುಮ್ನೆ ಯಾಕೆ, ವಾಪಸ್ ಕರ್ಕೊಂಡ್ ಬಾ ಅಂತ. ನಾನು ಜೂನ್ ಮುಗೀಲಿ ಅಂದಿದೀನಿ. ಅಲ್ಲಿಗ್ ಹೋದ್ರೆ ಇವಳು ಒಂದು ಕಿಟಕಿ, ಒಂದು ಮೊರ, ಅಷ್ಟೇ ಅಮ್ಮಾ. ನಿಮ್ಮ ಕೈಲಿ ಏನಾದ್ರೂ ಆಗುತ್ತಾ?"

ನೋಡೋಣ ಎಂದೆ. ಎಷ್ಟು ಬಡ ಮಾತು ಅದು.

ಎರಡನೇ ವಾರದ ಬುಧವಾರ ಪತ್ರ ಬಂತು. ಅನುದಾನ ಮಂಜೂರು ಮಾಡುವ ಸಮಿತಿಯ ಅಧ್ಯಕ್ಷೆ, ಅಧಿಕಾರಿಗಳೊಂದಿಗೆ, ಬರುವ ಶುಕ್ರವಾರ ಹನ್ನೊಂದು ಗಂಟೆಗೆ ಸ್ಥಳ ಪರಿಶೀಲನೆಗೆ ಬರುತ್ತಾರೆ. ಶುಕ್ರವಾರ, ಅಂದರೆ ಅಂಗವಿಕಲರ ಬ್ಯಾಚ್. ಅಧ್ಯಕ್ಷೆಯನ್ನು ಒಂದು ಸಭೆಯಲ್ಲಿ ನೋಡಿದ್ದೆ. ಮಹಿಳಾ ಮೀಸಲಾತಿಯಲ್ಲಿ ಗೆದ್ದು ಬಂದ ಹಳ್ಳಿಯ ಹೆಂಗಸು, ಪಕ್ಕದಲ್ಲಿ ಗಂಡ, ಬಾಯಿಗೆ ಸೆರಗು. ಈ ಪುಣ್ಯಾತ್ಗಿತ್ತಿಗೆ ಏನು ತಿಳಿದೀತು ಎಂದುಕೊಂಡೆ. ಅದು ನನ್ನ ಇನ್ನೊಂದು ತಪ್ಪು.

ಮಾಸ್ಟರ್ ಒಂದು ಪ್ಲಾನ್ ಮಾಡಿದರು. "ಅಮ್ಮಾ, ಕಿವಿ ಕೇಳದ ಹುಡುಗಿ ಕೈಲಿ ನೇರ ಹೊಲಿಗೆ ಒಂದಷ್ಟು ತುಳಿಸೋಣ, ಮೂಲೆ ಬೇಡ. ಕಾಲರ್ ನಾನು ಮೊದ್ಲೇ ಹೊಲ್ದಿಟ್ಟಿರ್ತೀನಿ. ಹುಡುಗಿ ಹೊಲ್ದಿದ್ದು ಅಂತ ತೋರ್ಸಿದ್ರಾಯ್ತು. ಎರಡ್ ನಿಮಿಷ ನೋಡಿ ಕಾಫಿ ಕುಡ್ದು ಹೋಗ್ತಾರೆ."

ನಾನು ಹೂಂ ಎಂದೆ. ಗುರುವಾರ ಮಧ್ಯಾಹ್ನ ಮಾಸ್ಟರ್ ಹೊಲಿದ ಕಾಲರನ್ನು ಕುಣಿಗಲ್ ಹುಡುಗಿಗೆ ತೋರಿಸಲು ಖಾಲಾ ಮನೆಗೇ ಹೋದೆವು. ಅವಳು ಬೀಡಿ ಮೊರ ಪಕ್ಕಕ್ಕಿಟ್ಟು, ಕಾಲರನ್ನು ಎರಡು ಬೆರಳಿನಿಂದ ಹಿಡಿದು ಬೆಳಕಿಗೆ ಎತ್ತಿ ನೋಡಿದಳು.

"ಇದು ನಮ್ದಲ್ಲ ಚಾಚಾ" ಎಂದಳು ಮಾಸ್ಟರಿಗೆ. "ನಾವು ಹೊಲ್ದಿದ್ರೆ ಮೂಲೆ ಇನ್ನೂ ಚೂಪಾಗಿರ್ತಿತ್ತು."

ನಲವತ್ತು ವರ್ಷ ಅಂಗಡಿ ನಡೆಸಿದ ಮಾಸ್ಟರ್. ಒಂದು ಗಳಿಗೆ ಅವರ ಮುಖ ಕೆಂಪಾಯಿತು. ಆಮೇಲೆ ಗಡ್ಡ ಸವರಿಕೊಂಡು, "ಹೌದಮ್ಮಾ, ಕರೆಕ್ಟು. ಕಣ್ಣು ಮೊದಲಿನಂಗಿಲ್ಲ ನಂದು" ಎಂದರು.

ನಾನು ಅಲ್ಲೇ, ಆ ಬೀಡಿ ಎಲೆಯ ವಾಸನೆಯ ಕೋಣೆಯಲ್ಲಿ, ತೀರ್ಮಾನ ಮಾಡಿದೆ. ಸುಳ್ಳು ಕಾಲರ್ ಬೇಡ. ನೇರ ಹೊಲಿಗೆಯ ನಾಟಕವೂ ಬೇಡ. ಮುಚ್ಚಳಿಕೆ ಏನು ಹೇಳುತ್ತದೋ ಹಾಗೆಯೇ ತರಗತಿ ನಡೆಯಲಿ. ಮೂರು ಬ್ಯಾಚ್ ಮಾಡಿದರೆ ಏನಾಗುತ್ತದೆ ಎಂಬುದನ್ನು ಅವರು ಕಣ್ಣಾರೆ ನೋಡಲಿ. ನಿಂತ ಮೆಷಿನ್ ನೋಡಿ ಅನುದಾನ ಇಲ್ಲ ಅಂದರೆ ಇಲ್ಲ. ಮಾಸ್ಟರ್ ನನ್ನನ್ನು ಹುಚ್ಚಿ ಎನ್ನುವಂತೆ ನೋಡಿದರು. ಕುಣಿಗಲ್ ಹುಡುಗಿ ಮಾತ್ರ, "ನಾಳೆ ನಾನು ಏನ್ ಹೇಳ್ಬೇಕು ಮಿಸ್?" ಎಂದು ಕೇಳಿದಳು.

"ಅವರು ಕೇಳಿದ್ದಕ್ಕೆ ಇರೋದನ್ನ ಹೇಳು."

ಶುಕ್ರವಾರ ಹನ್ನೊಂದೂವರೆಗೆ ಜೀಪ್ ಬಂತು. ಅಧ್ಯಕ್ಷೆ ಇಳಿದರು. ಹಿಂದೆಯೇ ಇಳಿಯಲು ಹೊರಟ ಗಂಡನಿಗೆ, "ನೀವು ಇಲ್ಲೇ ನೆರಳಲ್ಲಿ ಕುಂತಿರಿ, ಹೆಣ್ಮಕ್ಕಳು ಇರೋ ಜಾಗ" ಎಂದು ಹೇಳಿ ಒಳಗೆ ನಡೆದರು. ಅಧಿಕಾರಿಗಳೂ, ಕಡತ ಅಪ್ಪಿಕೊಂಡ ಕೇಸ್ ವರ್ಕರೂ ಹಿಂಬಾಲಿಸಿದರು. ಐದು ಹುಡುಗಿಯರಿದ್ದರು. ನಾಲ್ವರು ತಮ್ಮ ಕೈಲಾದ ಕೆಲಸ ಮಾಡುತ್ತಿದ್ದರು. ಕುಣಿಗಲ್ ಹುಡುಗಿ ಸೂಜಿಯ ಕೆಳಗೆ ಕಾಲರ್ ಬಟ್ಟೆ ಜೋಡಿಸಿಟ್ಟುಕೊಂಡು ಸುಮ್ಮನೆ ಕೂತಿದ್ದಳು.

ಅಧ್ಯಕ್ಷೆ ಅವಳ ಮುಂದೆ ನಿಂತರು. "ಏನ್ ತಾಯಿ, ಹೊಲಿ ಮತ್ತೆ, ನೋಡನ."

"ಆಗಲ್ಲ ಮೇಡಂ."

"ಯಾಕೆ? ಕಲ್ತಿಲ್ವಾ?"

"ಕಲ್ತಿದೀನಿ. ನನ್ನ ಕಾಲು ಸೋಮವಾರ ಬರುತ್ತೆ."

ಅಧಿಕಾರಿಗಳು ಹಿಂದೆ ತಿರುಗಿ ನನ್ನನ್ನು ನೋಡಿದರು. ಅಧ್ಯಕ್ಷೆ ಅವಳ ಮುದುಡಿದ ಕಾಲು ನೋಡಿದರು, ಎದುರಿನ ಖಾಲಿ ಸ್ಟೂಲ್ ನೋಡಿದರು. "ಒಸಿ ಬುಡ್ಸಿ ಹೇಳವ್ವ" ಎಂದರು.

ಅವಳು ಹೇಳಿದಳು. ಯಾರ ಮೇಲೂ ದೂರಿಲ್ಲದೆ, ಪಾಠ ಒಪ್ಪಿಸುವಂತೆ. ನನ್ನ ಕೈ, ಅವಳ ಕಾಲು. ಅವಳು ಎಸ್ಸಿ, ಅವಳ ದಿನ ಸೋಮವಾರ. ನಾನು ಕುಂಟಿ, ನನ್ನ ದಿನ ಶುಕ್ರವಾರ. ದುಡ್ಡು ಬೇರೆ ಬೇರೆ ಕಡೆಯಿಂದ ಬರುತ್ತಂತೆ, ಅದಕ್ಕೆ.

"ಆ ಹುಡುಗಿ ಈಗ ಎಲ್ಲವ್ಳೆ?"

"ಆಚೆ ಮರದ ಕೆಳಗೆ" ಎಂದೆ. "ದಿನಾ ಬರ್ತಾಳೆ. ಒಳಗೆ ಬರಕ್ಕೆ ಪರ್ಮಿಷನ್ ಇಲ್ಲ. ನಾನು ಮುಚ್ಚಳಿಕೆ ಬರೆದುಕೊಟ್ಟಿದೀನಿ."

ಅಧ್ಯಕ್ಷೆ ಬಾಗಿಲಿಗೆ ಹೋಗಿ ತಾವೇ ಕೂಗಿದರು. "ಏನಮ್ಮೀ, ಬಾ ಇಲ್ಲಿ."

ಗುಬ್ಬಿಯವಳು ಚಪ್ಪಲಿ ಬಿಟ್ಟು ಒಳಗೆ ಬಂದಳು. ಯಾರನ್ನೂ ನೋಡಲಿಲ್ಲ, ಸೀದಾ ಬಂದು ಸ್ಟೂಲಿನ ಮೇಲೆ ಕೂತು ಪೆಡಲಿನ ಮೇಲೆ ಪಾದ ಇಟ್ಟಳು. ಕುಣಿಗಲ್ ಹುಡುಗಿ ಚಕ್ರಕ್ಕೆ ಒಂದು ತಿರುವು ಕೊಟ್ಟು "ಬಾ" ಎಂದಳು.

ಹತ್ತು ದಿನದ ಮೇಲೆ ಆ ಜೋಡಿಯ ಮೆಷಿನ್ ಓಡಿತು. ಬಾ, ಬಾ, ನಿಧಾನ. ಮೂಲೆ ಬಂತು. ತಡಿ. ಬಟ್ಟೆ ತಿರುಗಿತು. ಬಾ. ಮಾಸ್ಟರ್ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು, ತುಳಿತದ ಹದ ಅವರಿಗೆ ಕಿವಿಯಲ್ಲೇ ತಿಳಿಯುತ್ತಿತ್ತು. ಕಾಲರ್ ಮುಗಿಯಿತು. ಕುಣಿಗಲ್ ಹುಡುಗಿ ದಾರವನ್ನು ಹಲ್ಲಲ್ಲಿ ಕತ್ತರಿಸಿ, ಕಾಲರನ್ನು ಒಳಗು ಹೊರಗು ಮಾಡಿ, ಮೂಲೆಯನ್ನು ಉಗುರಿನಿಂದ ತಳ್ಳಿ ಚೂಪು ಮಾಡಿ ಅಧ್ಯಕ್ಷೆಯ ಕೈಗಿಟ್ಟಳು.

ಅಧ್ಯಕ್ಷೆ ಅದನ್ನು ಅಧಿಕಾರಿಗಳ ಕೈಗೆ ದಾಟಿಸಿದರು. "ಸಾಹೇಬ್ರೇ, ನಾವು ಹೊಲ ಉಳೋ ಜನ. ಒಂದೇ ನೊಗಕ್ಕೆ ಎಲ್ಡು ಎತ್ತು ಕಟ್ತೀವಿ. ಒಂದ್ನ ಸ್ವಾಮಾರ, ಇನ್ನೊಂದ್ನ ಶುಕ್ರವಾರ ಕಟ್ಟಿ ಉಳಿ ಅಂತ ನೀವು ಬರ್ದಿದೀರಲ್ಲ, ಹೆಂಗೆ ಉಳಾದು, ಒಸಿ ತೋರ್ಸ್ ಕೊಡಿ."

"ಹಾಗಲ್ಲ ಮೇಡಂ, ಹೆಡ್ ಬೇರೆ ಬೇರೆ. ಆಡಿಟ್‌ನೋರು ಕೇಳ್ತಾರೆ."

"ಕೇಳ್ಲಿ. ಅವ್ರನ್ನೂ ಇಲ್ಲಿಗೆ ಕರ್ಕೊಂಡ್ ಬನ್ನಿ, ಈ ಹುಡ್ಗಿ ಉತ್ತರ ಹೇಳ್ತಾಳೆ."

ಆಗ ಕೇಸ್ ವರ್ಕರ್ ಕೆಮ್ಮಿದರು. ಕಿವಿಯ ಮೇಲಿನ ಪೆನ್ನು ಕೈಗೆ ಬಂದಿತ್ತು. "ಸರ್, ಮೆಷಿನ್ ಯಾವ ಹೆಡ್ಡಲ್ಲಿ ಕೊಂಡಿದ್ದು ಅಂತ ಮೆಷಿನ್ ಮೇಲೇ ಪೈಂಟಲ್ಲಿ ಬರ್ಸೋಣ. ರಿಜಿಸ್ಟರ್ ಮೂರಿರ್ಲಿ, ಹೆಸರು ಅದರದರಲ್ಲೇ ಇರ್ಲಿ. ಹಾಜರಿ ಮೂರು ಪುಸ್ತಕದಲ್ಲಿ ಹಾಕ್ಬೇಕು ಅಂತೈತೆ ರೂಲು. ಮೂರು ದಿನ ಹಾಕ್ಬೇಕು ಅಂತ ಎಲ್ಲೂ ಇಲ್ಲ. ಅದು ನಾವು ಸೇರ್ಸಿದ್ದು."

ಅಧಿಕಾರಿಗಳು ಕಾಲರಿನ ಮೂಲೆಯನ್ನು ಬೆರಳಿನಿಂದ ಒತ್ತಿ ನೋಡಿದರು. "ಟಿಪ್ಪಣಿ ಬರೆದು ಇಡಿ" ಎಂದರು. ಕಾಲರನ್ನು ವಾಪಸ್ ಕೊಡುವುದನ್ನು ಮರೆತು ಜೇಬಿಗೆ ಹಾಕಿಕೊಂಡು ಹೋದರು. ಅದು ಕಡತದೊಳಗೆ ಟ್ಯಾಗ್ ಹಾಕಿಸಿಕೊಂಡು ಕೂತಿದೆ ಎಂದು ಆಮೇಲೆ ಕೇಸ್ ವರ್ಕರ್ ಹೇಳಿದರು.

ಅಂದಿಗೇ ಎಲ್ಲ ಮುಗಿಯಲಿಲ್ಲ. ಸಮಿತಿಯ ಸಭೆ ಒಮ್ಮೆ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಅಂತರಸನಹಳ್ಳಿಯ ಲಾರಿ ಬಂದೇ ಬಂತು. ಏಳು ಮೆಷಿನ್‌ಗಳನ್ನು ಹತ್ತಿಸಿದರು. ಹಾಲಿನ ನೆಲದಲ್ಲಿ ಕಬ್ಬಿಣದ ಕಾಲುಗಳ ಗುರುತು ಮಾತ್ರ ಉಳಿಯಿತು. ಹದಿನೆಂಟು ಹುಡುಗಿಯರೂ ಅದೇ ಗುರುತುಗಳ ಮೇಲೆ ಚಾಪೆ ಹಾಸಿಕೊಂಡು ಒಂದೇ ದಿನ, ಒಟ್ಟಿಗೇ ಕೂತು ಕಾಜಾ ಹಾಕಿದರು, ಗುಂಡಿ ಹೊಲಿದರು. ಮುಚ್ಚಳಿಕೆ ಮುರಿದಿದ್ದೇನೆ ಎಂದು ನಾನೇ ಕಚೇರಿಗೆ ಒಂದು ಪತ್ರ ಬರೆದು ಹಾಕಿದೆ, ದುಂಡು ಅಕ್ಷರದಲ್ಲಿ. ಯಾರೂ ಉತ್ತರ ಬರೆಯಲಿಲ್ಲ. ಖಾಲಾ ಕುಣಿಗಲ್ಲಿಗೆ ಇನ್ನು ಹದಿನೈದು ದಿನ ಎಂದು ಹೇಳಿ ಕಳಿಸಿದರು.

ಹದಿಮೂರನೇ ದಿನ ಆದೇಶ ಬಂತು. ಕೇಸ್ ವರ್ಕರ್ ಟಪಾಲಿಗೆ ಹಾಕದೆ, ಸೈಕಲ್ಲಿನಲ್ಲಿ ತಾವೇ ತಂದರು. ನಿಂತುಕೊಂಡೇ ಓದಿದೆ. ಎಂಟು ಹೊಸ ಮೆಷಿನ್ ಮಂಜೂರಾಗಿತ್ತು. ಕೆಳಗೆ ಷರತ್ತುಗಳು. ಮೂರನೆಯದನ್ನು ಎರಡು ಸಲ ಓದಿದೆ: "ತರಗತಿಯನ್ನು ಎಲ್ಲ ವರ್ಗದ ಶಿಬಿರಾರ್ಥಿಗಳಿಗೂ ಒಂದೇ ಕೊಠಡಿಯಲ್ಲಿ, ಒಂದೇ ವೇಳೆಯಲ್ಲಿ, ಸಂಯುಕ್ತವಾಗಿ ನಡೆಸತಕ್ಕದ್ದು. ತಪ್ಪಿದಲ್ಲಿ ಅನುದಾನವನ್ನು ಹಿಂಪಡೆಯಲಾಗುವುದು."

"ಹೆಂಗಿದೆ ಮೇಡಂ ಡ್ರಾಫ್ಟು?" ಎಂದರು.

"ಬ್ಯೂಟಿಫುಲ್" ಎಂದೆ. ನನ್ನ ಎರಡು ಪುಟದ ಇಂಗ್ಲಿಷಿನಲ್ಲಿ ಆ ಒಂದು ವಾಕ್ಯದ ಶಕ್ತಿ ಇರಲಿಲ್ಲ. ಕೂಡಿ ಕೂರಬಾರದು ಎಂದು ಬರೆಸಿಕೊಂಡಿದ್ದ ಕಚೇರಿ, ಕೂಡಿ ಕೂರದಿದ್ದರೆ ಮೆಷಿನ್ ಕಿತ್ತುಕೊಳ್ಳುತ್ತೇವೆ ಎಂದು ಬರೆದುಕೊಟ್ಟಿತ್ತು. ಮುಂದಿನ ವರ್ಷ ಗುಬ್ಬಿಯ ಒಂದು ಸಂಘಕ್ಕೂ ಕುಣಿಗಲ್ಲಿನ ಒಂದು ಸಂಘಕ್ಕೂ ಅನುದಾನ ಕೊಟ್ಟಾಗ ಅದೇ ಮೂರನೇ ಷರತ್ತನ್ನು ಅಕ್ಷರ ಬದಲಿಸದೆ ಹಾಕಿದರಂತೆ.

ಮೆಷಿನ್‌ಗಳು ಬಂದ ದಿನ ಅಧ್ಯಕ್ಷೆಯನ್ನು ಕರೆದೆವು. ಟೇಪ್ ಕತ್ತರಿಸಿ ಎಂದರೆ, "ಅದ್ಯಾಕೆ ಒಳ್ಳೇ ಟೇಪ್ ಹಾಳ್ ಮಾಡ್ತೀರಾ" ಎಂದು ಸೀದಾ ಹೋಗಿ ಗುಬ್ಬಿಯವಳ ಸ್ಟೂಲಿನ ಮೇಲೆ ಕೂತರು. "ನಾನೂ ಒಂದ್ ಕೈ ನೋಡ್ತೀನಿ, ಅಲ್ಲಲ್ಲ, ಒಂದ್ ಕಾಲು" ಎಂದು ಸೀರೆ ನೆರಿಗೆ ಎತ್ತಿಕೊಂಡು ಪೆಡಲಿನ ಮೇಲೆ ಪಾದ ಇಟ್ಟರು. ಕುಣಿಗಲ್ ಹುಡುಗಿ "ಬಾ" ಎನ್ನುವ ಬದಲು "ಬನ್ನಿ" ಎಂದಳು. ಅಧ್ಯಕ್ಷೆ ತುಳಿದರು. ಚಕ್ರ ಹಿಂದಕ್ಕೆ ತಿರುಗಿ ದಾರ ಸಿಕ್ಕಾಗಿ ಕಟ್ಟಾಯಿತು.

"ತಡೀರಿ ಮೇಡಂ, ತಡೀರಿ. ನಿಮ್ ಕಾಲಿಗೆ ಇನ್ನೂ ನಾಲ್ಕ್ ತಿಂಗಳು ಟ್ರೈನಿಂಗ್ ಬೇಕು."

"ಹೆಸ್ರು ಬರ್ಕೊಳವ್ವ ಹಂಗಾರೆ" ಎಂದರು ಅಧ್ಯಕ್ಷೆ. "ಯಾವ ರಿಜಿಸ್ಟರ್ ಆದ್ರೂ ಸರಿ."

ಖಾಲಾ ಬಾಗಿಲಲ್ಲಿ ನಿಂತು ಮುಸುಕಿನೊಳಗೇ ನಗುತ್ತಿದ್ದರು. ಕುಣಿಗಲ್ಲಿಗೆ ಇನ್ನು ಹೇಳಿ ಕಳಿಸುವುದೇನೂ ಇರಲಿಲ್ಲ.

ಆ ಮೂರು ರಿಜಿಸ್ಟರ್‌ಗಳಿಗೂ ನಾನೇ ಗೆರೆ ಎಳೆದೆ. ಜಾತಿಯ ಕಾಲಂ ಎಳೆದೆ, ಈ ಸಲ ಕೈ ತಡೆಯಲಿಲ್ಲ. ಕೊನೆಯಲ್ಲಿ ಸ್ವಲ್ಪ ಜಾಗ ಉಳಿಯಿತು. ಅಲ್ಲೊಂದು ಕಾಲಂ ಹೆಚ್ಚಿಗೆ ಹಾಕಿ "ಜೊತೆ" ಎಂದು ಬರೆದೆ. ಯಾರು ಯಾರ ಎದುರು ಕೂರುತ್ತಾರೆ ಎಂಬುದು ಅದರಲ್ಲಿ. ತಪಾಸಣೆಗೆ ಬಂದ ಕೇಸ್ ವರ್ಕರ್ ಅದರ ಮೇಲೆ ಪೆನ್ನಿಟ್ಟು, "ಇದು ರೂಲಲ್ಲಿ ಇಲ್ವಲ್ಲ ಮೇಡಂ" ಎಂದರು.

"ಅದು ನಾವು ಸೇರ್ಸಿದ್ದು" ಎಂದೆ.

ಅವರು ಪುಟದ ಕೆಳಗೆ "ಪರಿಶೀಲಿಸಿದೆ, ಸರಿಯಿದೆ" ಎಂದು ಸಹಿ ಹಾಕಿದರು. ಈಗ ನನ್ನ ಕಣ್ಣಿಗೆ ಕೆಂಪು ಗೆರೆಗಳು ಮಸುಕು. ಆದರೂ ಒಂದು ಪುಸ್ತಕದಲ್ಲಿ ಗುಬ್ಬಿಯವಳ ಹೆಸರಿನ ಮುಂದೆ ಕುಣಿಗಲ್ ಹುಡುಗಿಯ ಹೆಸರನ್ನೂ, ಇನ್ನೊಂದರಲ್ಲಿ ಅವಳ ಹೆಸರಿನ ಮುಂದೆ ಇವಳದನ್ನೂ ಬೆರಳಿಟ್ಟು ಓದಬಲ್ಲೆ. ಹಾಜರಿಗೆ ಅವರಿಬ್ಬರೇ ಒಂದು ನಿಯಮ ಮಾಡಿಕೊಂಡಿದ್ದರು: ಒಬ್ಬಳು ಬರದಿದ್ದರೆ ಇಬ್ಬರಿಗೂ ಆಬ್ಸೆಂಟ್. ಜುಲೈಯಿಂದ ಮಾರ್ಚ್ ತನಕ ಎರಡೂ ಸಾಲುಗಳಲ್ಲಿ ಒಂದೇ ಒಂದು ಆಬ್ಸೆಂಟ್ ಇಲ್ಲ.